ಬಳ್ಳಿಗಾವಿಗೂ ಇಕ್ಕೇರಿಗೂ ಯಾಕಿಷ್ಟು ವ್ಯತ್ಯಾಸ?

ಶಿವಮೊಗ್ಗದವ: ಬೆಳಿಗ್ಗೆ ಬಳ್ಳಿಗಾವಿಯ ಕೇದಾರೇಶ್ವರ, ಸಂಜೆ ಇಕ್ಕೇರಿಯ ಅಘೋರೇಶ್ವರ, ಎರಡನ್ನೂ ಮೊನ್ನೆ ಒಂದೇ ದಿನ ನೋಡಿ ಬಂದೆ. ಎರಡೂ ನಮ್ಮ ಜಿಲ್ಲೆಯ ಶಿವನ ಗುಡಿಗಳೇ. ಆದರೆ ಬಳ್ಳಿಗಾವಿಯ ಕಂಬಗಳು ತಿರುಗಣಿಗೆ ಕೊಟ್ಟು ಕಡೆದ ಹಾಗೆ ನುಣುಪು, ಇಕ್ಕೇರಿಯಲ್ಲಿ ಗೋಡೆಯೆಲ್ಲ ಒರಟು. ಒಳ್ಳೆ ಶಿಲ್ಪಿಗಳು ಸಿಗಲಿಲ್ವಾ?

ಕಲ್ಲುಕುಟಿಗ: ಶಿಲ್ಪಿಗಳನ್ನು ಬೈಯಬೇಡಿ ಮಾರಾಯ್ರೆ, ಕಲ್ಲೇ ಬೇರೆ! ಬಳ್ಳಿಗಾವಿಯದ್ದು ಚಾಲುಕ್ಯ, ಹೊಯ್ಸಳರ ಕಾಲದ ಬಳಪದ ಕಲ್ಲು. ಅಗೆದು ತೆಗೆದಾಗ ಮೆದು, ಗಾಳಿಗೆ ಬಿಟ್ಟ ಮೇಲೆ ಗಟ್ಟಿ. ಇಕ್ಕೇರಿಯದ್ದು ಕೆಳದಿ ನಾಯಕರು 16ನೇ ಶತಮಾನದಲ್ಲಿ ಕಟ್ಟಿಸಿದ್ದು, ಪೂರ್ತಿ ಗ್ರಾನೈಟ್. ಅದರಲ್ಲಿ ಜಡೆಯ ಎಳೆ, ಬಳೆಯ ಗೀರು ಎಲ್ಲ ಬಿಡಿಸಲು ಹೋದರೆ ಉಳಿಯೇ ಮುರಿಯುತ್ತದೆ.

ಸಾಗರದ ಅಕ್ಕ: ಇಕ್ಕೇರಿ ಗುಡಿಯ ಎದುರಿನ ನಂದಿ ಮಂಟಪದ ಕಮಾನುಗಳನ್ನು ನೋಡಿದಿರಾ? ಅದು ಬಿಜಾಪುರದ ಸುಲ್ತಾನರ ಕಟ್ಟಡಗಳ ಧಾಟಿ. ಒಳಗಿನ ಕಂಬಗಳಲ್ಲಿ ವಿಜಯನಗರದ ನೆರಳಿದೆ, ಹೊಯ್ಸಳರದ್ದೂ ಸ್ವಲ್ಪ. ಎಲ್ಲೆಲ್ಲಿಂದಲೋ ತಂದು ತಮ್ಮದೇ ಒಂದು ಅಡುಗೆ ಮಾಡಿದ್ದಾರೆ, ಅದಕ್ಕೇ ನನಗೆ ಇಕ್ಕೇರಿ ಒಂದು ಕೈ ಜಾಸ್ತಿ ಇಷ್ಟ. ನಮ್ಮೂರು ಅಂತ ಸುಮ್ನೆ ಹೇಳುತ್ತಿಲ್ಲ.

ತೀರ್ಥಹಳ್ಳಿ ಮಳೆ: ಬೆರಕೆ ನೋಡಬೇಕಾದರೆ ಶೃಂಗೇರಿಯ ವಿದ್ಯಾಶಂಕರ ಗುಡಿಗೂ ಹೋಗಿ. ಹೊಯ್ಸಳ, ವಿಜಯನಗರ ಎರಡೂ ಅಲ್ಲಿವೆ, 12 ರಾಶಿಗಳ 12 ಕಂಬಗಳಿವೆ.

ಶಿವಮೊಗ್ಗದವ: ಅಯ್ಯೋ, ಈಗ ಫೋನ್ ತೆಗೆದು ನೋಡಿದೆ ಅಕ್ಕ. ನಂದಿಯ ಫೋಟೋ ಒಂಬತ್ತಿವೆ, ಕಮಾನಿನದ್ದು ಒಂದೂ ಇಲ್ಲ.