ರಿಸ್ಟೋರ್ ಆಯ್ತು, ಆದ್ರೆ ಆಪ್‌ಗೆ ಟೇಬಲ್ ಮುಟ್ಟೋಕೆ ಬಿಡ್ತಿಲ್ಲ

ಮಳೆಲೆಕ್ಕ, ಸಕಲೇಶಪುರ:
ಎರಡು ದಿನದಿಂದ ನಿದ್ದೆ ಇಲ್ಲ. ತೋಟಗಳ ಮಳೆ ಲೆಕ್ಕದ ಪೋಸ್ಟ್‌ಗ್ರೆಸ್ ಡೇಟಾಬೇಸನ್ನ ಡಂಪ್‌ನಿಂದ (ಬ್ಯಾಕಪ್ ಫೈಲ್) ಹೊಸ ಸರ್ವರ್‌ಗೆ ರಿಸ್ಟೋರ್ ಮಾಡಿದೆ. ಡೇಟಾ ಪೂರ್ತಿ ಇದೆ, ಎಣಿಸಿದೀನಿ. ಆಪ್ ತೆಗೆದ್ರೆ ‘ಪರ್ಮಿಷನ್ ಡಿನೈಡ್’. ಬೆಳೆಗಾರರು ದಿನಾ ಬೆಳಿಗ್ಗೆ ಇಂಚು-ಸೆಂಟು ಕಳಿಸ್ತಿದಾರೆ, ಏರಿಸೋಕೆ ಆಗ್ತಿಲ್ಲ.

ಕಪ್ಪುಪರದೆ, ಹಾಸನ:
ಪಿಜಿ ಎಚ್‌ಬಿಎ ಫೈಲ್, ಯಾರು ಲಾಗಿನ್ ಆಗ್ಬಹುದು ಅಂತ ಹೇಳೋ ಫೈಲ್. ನೂರಕ್ಕೆ ನೂರು ಅದೇ.

ಮಳೆಲೆಕ್ಕ:
ಬದಲಾಯಿಸಿ ರೀಲೋಡ್ ಮಾಡಿದೆ. ಹಾಗೇ ಇದೆ.

ಕಪ್ಪುಪರದೆ:
ಸಾಲಿನ ಕ್ರಮ ತಪ್ಪಿರುತ್ತೆ. ಮೊದಲು ಹೊಂದೋ ಸಾಲೇ ಲೆಕ್ಕಕ್ಕೆ. ಫೈಲ್ ಪೂರ್ತಿ ಹಾಕಿ.

ಕಳಸದವ:
ಎಚ್‌ಬಿಎ ಆಗಿದ್ರೆ ಲಾಗಿನ್ನೇ ಆಗ್ತಿರ್ಲಿಲ್ಲ ಮಾರಾಯ್ರೇ! ಇದು ಓನರ್ ವಿಷಯ, ಅಂದ್ರೆ ಟೇಬಲ್ ಯಾವ ಯೂಸರ್ ಹೆಸರಲ್ಲಿದೆ ಅನ್ನೋದು. ಯಾವ ವರ್ಷನ್? ಯಾವ ಯೂಸರ್‌ನಲ್ಲಿ ರಿಸ್ಟೋರ್ ಮಾಡಿದ್ರಿ? ಕೊನೇ ಸಾಲು ಏನು ಬಂತು?

ಮಳೆಲೆಕ್ಕ:
ಹಳೇದು 11, ಹೊಸದು 16. ಕಸ್ಟಮ್ ಫಾರ್ಮ್ಯಾಟ್ ಡಂಪ್, ರಿಸ್ಟೋರ್ ಮಾಡಿದ್ದು ಪೋಸ್ಟ್‌ಗ್ರೆಸ್ ಅನ್ನೋ ಅಡ್ಮಿನ್ ಯೂಸರ್‌ನಲ್ಲಿ. ಕೊನೆಗೆ ‘ಎರರ್ಸ್ ಇಗ್ನೋರ್ಡ್ 63’ ಅಂತ ಬಂತು, ಪರವಾಗಿಲ್ಲ ಅಂತ ಬಿಟ್ಟೆ. ಹೊಸದರಲ್ಲಿ ಆಪ್ ಯೂಸರ್ ಹೆಸರೂ ಬೇರೆ. ಒಬ್ಬ ಯೂಸರ್‌ದ್ದೆಲ್ಲಾ ಇನ್ನೊಬ್ಬರ ಹೆಸರಿಗೆ ಮಾಡೋ ರೀಅಸೈನ್ ಓನ್ಡ್ ಆದೇಶ ಕೊಟ್ಟೆ, ಅದೂ ಒಪ್ಪಲಿಲ್ಲ.

ತುಂಗಾತೀರ, ಶೃಂಗೇರಿ:
ಪಿಜಿಅಡ್ಮಿನ್‌ನಲ್ಲಿ (ಪೋಸ್ಟ್‌ಗ್ರೆಸ್ ನೋಡ್ಕೊಳ್ಳೋ ಕಿಟಕಿ-ಮೌಸ್ ಪ್ರೋಗ್ರಾಂ) ಒಂದೊಂದೇ ಟೇಬಲ್ ಓನರ್ ಬದಲಾಯಿಸಿ. ನಾನು ಹಾಗೇ ಮಾಡೋದು. ನನ್ನ ಸರ್ವರ್ ಹಳೇ ಲ್ಯಾಪ್‌ಟಾಪ್, ಇನ್ವರ್ಟರ್‌ಗೆ ಎರಡು 150 ಎಎಚ್ ಬ್ಯಾಟರಿ. ಆಷಾಢದ ಮಳೇಲೂ ನಿಂತಿಲ್ಲ.

ಕಪ್ಪುಪರದೆ:
ಸರ್ವರ್ ಮೇಲೆ ಪಿಜಿಅಡ್ಮಿನ್ ಯಾರ್ರೀ ಹಾಕ್ತಾರೆ?

ತುಂಗಾತೀರ:
ಸರ್ವರ್ ಮೇಲಲ್ಲ, ನನ್ನ ಮೇಜಿನ ಮಷಿನ್‌ನಲ್ಲಿ. ಪೂರ್ತಿ ಓದಿ ಮಾತಾಡಿ.

ಕಳಸದವ:
ಆ 63ರಲ್ಲೇ ಉತ್ತರ ಇದೆ. ಪಿಜಿ ಡಂಪ್ ಒಂದು ಡೇಟಾಬೇಸನ್ನ ಮಾತ್ರ ತರುತ್ತೆ, ಯೂಸರ್‌ಗಳನ್ನಲ್ಲ. ಹಳೇ ಓನರ್ ಇಲ್ಲಿ ಇಲ್ಲದ್ದಕ್ಕೆ ಓನರ್ ಬದಲಾಯಿಸೋ ಪ್ರತಿ ಆದೇಶ ಸೋತು, ಎಲ್ಲಾ ಪೋಸ್ಟ್‌ಗ್ರೆಸ್ ಹೆಸರಲ್ಲೇ ಉಳೀತು. ಸಿಸ್ಟಮ್‌ನ ವಸ್ತುಗಳೂ ಅದರದ್ದೇ, ಅದಕ್ಕೇ ರೀಅಸೈನ್ ನಿರಾಕರಿಸ್ತು. ಒಂದೊಂದೇ ಬದಲಾಯಿಸೋಕೆ ಹೋದ್ರೆ ಟೇಬಲ್ ಜೊತೆಗಿರೋ ಸೀಕ್ವೆನ್ಸ್, ವ್ಯೂ, ಫಂಕ್ಷನ್ ಯಾವುದಾದ್ರೂ ಬಿಟ್ಟುಹೋಗುತ್ತೆ.

ಹೊಸ ಸರ್ವರ್‌ನಲ್ಲಿ ಈಗ ರಿಸ್ಟೋರ್ ಆಗಿರೋ ಡೇಟಾಬೇಸನ್ನ ಡ್ರಾಪ್ ಮಾಡಿ (ಅಳಿಸಿ). ಆಪ್ ಯೂಸರೇ ಓನರ್ ಆಗೋ ಹಾಗೆ ಖಾಲಿ ಡೇಟಾಬೇಸ್ ಮಾಡಿ. ವರ್ಷನ್ 15ರಿಂದ ಪಬ್ಲಿಕ್ ಸ್ಕೀಮಾದಲ್ಲಿ (ಟೇಬಲ್‌ಗಳು ಸಾಮಾನ್ಯವಾಗಿ ಕೂರೋ ಜಾಗ) ಎಲ್ಲರೂ ಟೇಬಲ್ ಮಾಡೋ ಹಾಗಿಲ್ಲ, ಅದಕ್ಕೇ ಈ ಹೆಜ್ಜೆ ಬಿಡ್ಬೇಡಿ. ಆಮೇಲೆ ನೋ-ಓನರ್ (ಹಳೇ ಓನರ್ ಬೇಡ), ನೋ-ಎಸಿಎಲ್ (ಹಳೇ ಅನುಮತಿ ಬೇಡ) ಆಯ್ಕೆ ಹಾಕಿ, ರೋಲ್‌ಗೆ ಆಪ್ ಯೂಸರ್ ಹೆಸರು ಕೊಟ್ಟು ಪಿಜಿ ರಿಸ್ಟೋರ್ ಓಡಿಸಿ. ಪೋಸ್ಟ್‌ಜಿಐಎಸ್ (ನಕ್ಷೆ-ಸ್ಥಳದ ಡೇಟಾಗೆ ಸೇರಿಸೋ ಎಕ್ಸ್‌ಟೆನ್ಷನ್) ಇದ್ರೆ ಮೊದಲೇ ಪೋಸ್ಟ್‌ಗ್ರೆಸ್ ಯೂಸರ್‌ನಿಂದ ಹಾಕ್ಕೊಳ್ಳಿ.

ಮಳೆಲೆಕ್ಕ:
ಬಂತು! ಇವತ್ತಿನ ಮಳೆ ಏರಿಸಿದೆ. ತುಂಬಾ ಉಪಕಾರ ಆಯ್ತು ಸಾರ್. ‘ಎಕ್ಸ್‌ಟೆನ್ಷನ್ ಓನರ್ ಆಗಿರಬೇಕು’ ಅಂತ ಒಂದು ಎರರ್ ಉಳಿದಿದೆ.

ಕಳಸದವ:
ಪೋಸ್ಟ್‌ಜಿಐಎಸ್ ಮೇಲಿನ ಕಾಮೆಂಟ್ ಬರೆಯೋಕೆ ಹೋಗಿ ಸೋತಿದ್ದು. ಡೇಟಾಗೆ ಏನೂ ಆಗಿಲ್ಲ.

ಕಪ್ಪುಪರದೆ:
ತುಂಗಾತೀರ ಅವರೇ, ಆ ಬ್ಯಾಟರಿ ಎಷ್ಟು ಗಂಟೆ ಬರುತ್ತೆ?