ಆಪರೇಷನ್‌ಗೆ ಮುಂಚೆ ಹಸಿರು ಔಷಧಿ ಕೊಡುತ್ತಾರಂತೆ, ಭಯ ಇಲ್ವಾ?

ಪ್ರಶ್ನೆ (ದಾವಣಗೆರೆ):
ನಮ್ಮ ಅಪ್ಪಾಜಿಗೆ 64 ವರ್ಷ. ಮಂಡಕ್ಕಿ ಭಟ್ಟಿ ನಡೆಸುತ್ತಾರೆ. ಪಿತ್ತಕೋಶದಲ್ಲಿ ಕಲ್ಲು, ಮುಂದಿನ ವಾರ ಆಪರೇಷನ್. ನರಕ್ಕೆ ಹಸಿರು ಔಷಧಿ ಕೊಟ್ಟರೆ ಪಿತ್ತನಾಳ ಹೊಳೆದು ಕಾಣುತ್ತದೆ ಅಂದರು ಡಾಕ್ಟರ್. ಅಪ್ಪಾಜಿ ರಾತ್ರಿ ರೊಟ್ಟಿ ಮುರಿದು ತಟ್ಟೆಯಲ್ಲೇ ಬಿಟ್ಟು ಎದ್ದರು. "ಮೈಯೊಳಗೆ ಬಣ್ಣ ಬಿಡ್ತಾರಂತೆ" ಅಂತ ಒಂದೇ ಮಾತು. ಏನು ಹೇಳಲಿ?

ಉತ್ತರ (ಚಿತ್ರದುರ್ಗ, ಥಿಯೇಟರ್ ನರ್ಸ್):
ಗಾಬರಿ ಬೇಡ ತಂಗಿ. ಅದು ಇಂಡೋಸಯನೈನ್ ಗ್ರೀನ್. ಅಮೆರಿಕದಲ್ಲಿ 1959ರಲ್ಲೇ ಒಪ್ಪಿಗೆ ಸಿಕ್ಕಿದೆ. ಪುಟ್ಟ ಬಾಟಲಿಯಲ್ಲಿ ಕಡು ಹಸಿರು ಪುಡಿ, ನೀರು ಬೆರೆಸಿ ಕೊಡುತ್ತೇವೆ. ಲಿವರ್ ಅದನ್ನು ಹೀರಿ ಪಿತ್ತದ ಜೊತೆ ಹೊರಗೆ ಹಾಕುತ್ತದೆ. ಅದಕ್ಕೇ ಪಿತ್ತನಾಳ ಹೊಳೆಯುವುದು. ಆ ಹೊಳಪು ಬರಿಗಣ್ಣಿಗೆ ಕಾಣಲ್ಲ, ಬೇರೆ ಕ್ಯಾಮೆರಾ ಬೇಕು. ಕೊಬ್ಬಿನ ಮಧ್ಯೆ ನಾಳ ಎಲ್ಲಿದೆ ಅಂತ ಗುರುತು ಹಿಡಿಯೋದೇ ಕಷ್ಟದ ಕೆಲಸ. ಪರದೆ ಮೇಲೆ ಅದು ಬೆಳಗಿದಾಗ ನನಗೂ ನೆಮ್ಮದಿ ಆಗುತ್ತದೆ. ಕರುಳು ಜೋಡಿಸುವಾಗ ರಕ್ತ ಸರಿಯಾಗಿ ಹರಿಯುತ್ತಿದೆಯಾ ಅಂತಲೂ ಇದರಿಂದ ನೋಡುತ್ತಾರೆ. ಅಯೋಡಿನ್ ಅಲರ್ಜಿ ಇದ್ದರೆ ಮಾತ್ರ ಮೊದಲೇ ಹೇಳಿಬಿಡಿ.

ಪ್ರಶ್ನೆ ಕೇಳಿದವರು:
ಬೆಳಕಿನಿಂದ ಕಾಯಿಲೆ ವಾಸಿ ಮಾಡುವುದೂ ಇದೇನಾ ಅಕ್ಕಾ?

ನರ್ಸ್:
ಅಲ್ಲ, ಅದು ಬೇರೆ. ಅನ್ನನಾಳದ ಕ್ಯಾನ್ಸರ್‌ಗೆ ಪೋರ್ಫಿಮರ್ ಅಂತ ಔಷಧಿ ಕೊಟ್ಟು, ಎಂಡೋಸ್ಕೋಪಿಯಲ್ಲಿ ಕೆಂಪು ಲೇಸರ್ ಬಿಡುತ್ತಾರೆ. ಆಮೇಲೆ ಕನಿಷ್ಠ 30 ದಿನ ಬಿಸಿಲಿಗೆ ಬರಬಾರದು. ಅಪ್ಪಾಜಿಗೆ ಆ ಕಟ್ಟುಪಾಡು ಇಲ್ಲ.

ಪ್ರಶ್ನೆ ಕೇಳಿದವರು:
ಎಲ್ಲಾ ಓದಿ ಹೇಳಿದೆ. "ಆ ಪರದೆ ನಂಗೂ ತೋರಿಸ್ತಾರಾ?" ಅಂದರು. ಈಗ ಊಟಕ್ಕೆ ಕೂತಿದ್ದಾರೆ.