ಅಪ್‌ಡೇಟ್: ಪ್ಯಾರಾಫಿನ್ (ಮೇಣ) ಬ್ಲಾಕ್‌ನಿಂದ ಇಎಂ (ಎಲೆಕ್ಟ್ರಾನ್ ಮೈಕ್ರೋಸ್ಕೋಪಿ), ಕೊನಿಗೂ ಆತು

ಹೋದ ತಿಂಗಳು ಕೇಳಿದ್ನಲ್ರೀ, ಕಿಡ್ನಿ ಬಯಾಪ್ಸಿ ಪೂರ್ತಿ ಪ್ಯಾರಾಫಿನ್‌ಗೆ ಹೋಗೇತಿ, ಗ್ಲುಟರಾಲ್ಡಿಹೈಡ್‌ನಾಗ (ಇಎಂಗೆ ಅಂತ ತುಣುಕು ಕೆಡದಂಗ ಇಡೋ ದ್ರಾವಣ) ಒಂದು ತುಣುಕೂ ಎತ್ತಿಟ್ಟಿಲ್ಲ, ಈಗ ಎಲೆಕ್ಟ್ರಾನ್ ಮೈಕ್ರೋಸ್ಕೋಪಿ ಆಗತೈತೇನು ಅಂತ. ಆತ್ರೀ.

ಝೈಲೀನ್‌ನಾಗ (ಮೇಣ ಕರಗಿಸೋ ದ್ರವ) ಅರ್ಧ ತಾಸು ಸಾಕು ಅಂದಿದ್ರಲ್ಲ ಒಬ್ರು, ಅದು ಸ್ಲೈಡ್ ಮ್ಯಾಲಿನ ಸೆಕ್ಷನ್‌ಗೆ ಸರಿ, ತುಣುಕಿಗೆ ಸಾಲಲ್ಲ, ಒಳಗ ಮೇಣ ಉಳದು ರೆಸಿನ್ (ತೆಳ್ಳಗ ಕತ್ತರಿಸಾಕ ತುಣುಕಿಗೆ ತುಂಬಿ ಗಟ್ಟಿ ಮಾಡೋದು) ಇಳೀಲೇ ಇಲ್ಲ, ಕಟ್ ಮಾಡಿದ್ರ ಬರೀ ತೂತು. ಕೆಲಸಕ್ಕ ಬಂದಿದ್ದು ಇನ್ನೊಬ್ಬ ಮೇಡಂ ಹೇಳಿದ್ದು: ಸ್ಲೈಡ್ ನೋಡಿ ಗ್ಲೋಮೆರುಲಸ್ (ಕಿಡ್ನಿಯೊಳಗ ರಕ್ತ ಸೋಸೋ ಸಣ್ಣ ಗಂಟು) ಇರೋ ಜಾಗದಾಗ ಮಾತ್ರ 1 ಮಿಮೀ ತುಣುಕು ತಗದು, 60 ಡಿಗ್ರಿಗೆ ಮೇಣ ಕರಗಿಸಿ, ಝೈಲೀನ್ ಮೂರ್ನಾಕು ಸಲ ಬದಲಿಸಿ ರಾತ್ರಿಯಿಡೀ ಬಿಟ್ಟು, ಆಲ್ಕೋಹಾಲ್ ಪ್ರಮಾಣ ಇಳಿಸ್ಕೊಂತ ಬಫರ್‌ಗೆ ಬಂದು, ಆಮ್ಯಾಲೆ 2.5% ಗ್ಲುಟರಾಲ್ಡಿಹೈಡ್, 1% ಆಸ್ಮಿಯಂ (ಫ್ಯೂಮ್ ಹುಡ್‌ನಾಗೇ, ಅಂದ್ರ ವಿಷದ ಹೊಗಿ ಹೊರಗ ಎಳೆಯೋ ಪೆಟ್ಟಿಗ್ಯಾಗ ಮಾಡ್ರಿ ಮತ್ತ), ಮುಂದ ಮಾಮೂಲಿ ರೆಸಿನ್. ಬಳ್ಳಾರಿ ಬಿಸಲಾಗ ಝೈಲೀನ್ ವಾಸನಿಗೆ ತಲಿ ಹಿಡಕೊಂಡಿದ್ದು ಬ್ಯಾರೆ ಮಾತು.

ಬೆಂಗಳೂರಿಂದ ಇಎಂ ಫೋಟೋ ಬಂದ್ವು. ಮೆಂಬ್ರೇನೆಲ್ಲ ಹರಕು ಹರಕು, ಆದ್ರ ಡಿಪಾಸಿಟ್ (ರೋಗದಾಗ ಕೂತ ಪ್ರೋಟೀನ್ ಗಡ್ಡಿ) ಚಲೋ ಕಾಣ್ತಾವ, ಪೋಡೋಸೈಟ್ (ಸೋಸೋ ಪದರಿನ ಮ್ಯಾಲಿನ ಜೀವಕೋಶ) ಪಾದ ಚಪ್ಪಟಿ ಆಗಿದ್ದೂ ಗೊತ್ತಾಗತೈತಿ. ನನಗ ಗೊತ್ತೇ ಇರದಿದ್ದು ಅಂದ್ರ ಹಿಂಗ ತಗದ ತುಣುಕಿನಾಗ ಬೇಸ್‌ಮೆಂಟ್ ಮೆಂಬ್ರೇನ್ (ರಕ್ತ ಸೋಸೋ ಪದರ) ಇರೋದಕ್ಕಿಂತ ತೆಳ್ಳಗ ಕಾಣತೈತಂತ, ಅದಕ್ಕ ದಪ್ಪ ಅಳದು ಡಯಾಗ್ನೋಸಿಸ್ ಕೊಡಾಕ ಹೋಗಬ್ಯಾಡ್ರಿ.